ಇನ್ನೂ ತಯಾರಾಗದ ಬಿಯರು

ನನಗೆ ಗಂಡು ಗೊತ್ತು ಮಾಡುವಾಗ ಮಧ್ಯಸ್ಥಿಕೆಯವರು ಹೇಳಿದ್ದು, "ಹುಡುಗ ಹಲಸೂರಲ್ಲಿ ಬಾಟ್ಲಿ ಬಿಸಿನೆಸ್ ಶುರು ಮಾಡ್ತಿದಾನೆ" ಎಂದು. ನಮ್ಮಪ್ಪ ಅದನ್ನು ಹಳೇ ಪೇಪರು, ಖಾಲಿ ಬಾಟಲಿಯ ವ್ಯಾಪಾರ ಎಂದುಕೊಂಡರು. ಆಗ ಕಗ್ಗದಾಸಪುರದಲ್ಲಿ ನಮ್ಮ ಮನೆಯ ಹಿಂದೆ ಇನ್ನೂ ರಾಗಿ ಹೊಲವಿತ್ತು. ಹೊಲ ಇರುವ ಮನೆಗೆ ಗುಜರಿಯವನು ಅಳಿಯನಾಗುವುದೇ ಎಂದು ಅಪ್ಪ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಹುಡುಗನ ನಡತೆ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದ ಮೇಲೆ ಒಪ್ಪಿದರು. ಬಾಟಲಿ ಖಾಲಿಯಲ್ಲ, ತುಂಬಿರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಮನೆಯ ಮುಂದೆ ಚಪ್ಪರ ಎದ್ದಿತ್ತು. ಗುಜರಿಯವನಾಗಿದ್ದರೇ ವಾಸಿಯಿತ್ತು ಎಂದು ಅಪ್ಪ ಬಹಳ ಕಾಲ ಅನ್ನುತ್ತಿದ್ದರು.

ನಮ್ಮ ಮನೆಯವರು ಅದಕ್ಕೆ ಮೊದಲು ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಯಾವುದೋ ಬಾರಿನಲ್ಲಿ ಸಪ್ಲೈಯರ್ ಆಗಿದ್ದವರು. ಅಲ್ಲಿ ಬಿಯರ್ ಬಾಟಲಿಗಳನ್ನು ಐಸು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಡುತ್ತಿದ್ದರಂತೆ. ತಣ್ಣಗಿರಲಿ ಎಂದು ಇಡುತ್ತಿದ್ದುದೇನೋ ನಿಜ. ಆದರೆ ನೀರಿನಲ್ಲಿ ನೆಂದ ಲೇಬಲ್ಲು ಕಳಚಿ ಬರುತ್ತದೆ, ಅದರ ಜೊತೆಗೆ ಅದರ ಮೇಲಿನ ಡೇಟೂ ಹೋಗುತ್ತದೆ. ಆಮೇಲೆ ಯಾವುದು ಹೋದ ತಿಂಗಳಿನದು, ಯಾವುದು ಹೋದ ವರ್ಷದ್ದು ಎಂದು ಕುಡಿಯುವವನಿಗೆ ತಿಳಿಯುವುದು ಹೇಗೆ? ಬಾಯಿಗಿಟ್ಟು ಮುಖ ಕಿವುಚಿದವನಿಗೆ "ಐಸು ಜಾಸ್ತಿ ಆಗಿದೆ ಸಾರ್, ಅದಕ್ಕೇ ಹಂಗಿದೆ" ಎಂದು ಸಮಾಧಾನ ಹೇಳುವುದು ಇವರ ಕೆಲಸ. ಅದನ್ನು ಹೇಳಿ ಹೇಳಿ ಅವರಿಗೆ ರೋಸಿಹೋಗಿತ್ತು.

ಮದುವೆಯಾದ ವರ್ಷವೇ ಹಲಸೂರಿನಲ್ಲಿ ಒಂದು ವೈನ್ ಶಾಪ್ ತೆಗೆದರು. ಅಂಗಡಿಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಪೂಜೆಯ ದಿನ, ಮೊದಲ ಲೋಡಿನ ಮೊದಲ ಬಿಯರ್ ಬಾಟಲಿಗೆ ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಹೂ ಸುತ್ತಿ, ಲಕ್ಷ್ಮಿಯ ಫೋಟೋ ಪಕ್ಕದಲ್ಲಿ ಇಟ್ಟರು.

"ಇದು ಬೋಣಿ ಬಾಟ್ಲಿ, ಇವಳೇ. ಮೊದಲ್ನೇ ವ್ಯಾಪಾರ ದೇವ್ರಿಗೇ ಆಗೋಯ್ತು" ಎಂದರು.

"ಲಕ್ಷ್ಮಿ ಬಿಯರ್ ಕುಡೀತಾಳೇನ್ರೀ?" ಎಂದು ನಾನು ಕಿಸಕ್ಕನೆ ನಕ್ಕೆ. ಪೂಜೆಗೆ ಬಂದಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಹೊಸ ಸೊಸೆಗೆ ಬಾಯಿ ಜಾಸ್ತಿ ಎಂಬ ಹೆಸರು ಅಂದೇ ಬಂತು, ಇವತ್ತಿಗೂ ಹೋಗಿಲ್ಲ.

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ನಾನು ಅವರಿಗೆ "ರೀ", ಅವರು ನನಗೆ "ಇವಳೇ". ಮನೆ ತುಂಬ ಹೆಂಗಸರಿದ್ದರೂ ಆ "ಇವಳೇ" ನನ್ನೊಬ್ಬಳಿಗೇ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಅವರದೊಂದು ಹುಚ್ಚು ಪದ್ಧತಿ. ಬಾಟಲಿಯ ಮುಂದೆ ಬಣ್ಣಬಣ್ಣದ ಚಿತ್ರ ಇರುತ್ತದೆ, ಹಿಂದೆ ಸಣ್ಣ ಅಕ್ಷರದಲ್ಲಿ ತಯಾರಾದ ತಿಂಗಳು, ವರ್ಷ. ಎಲ್ಲ ಅಂಗಡಿಯವರೂ ಚಿತ್ರವನ್ನು ಗಿರಾಕಿಯ ಕಡೆ ತಿರುಗಿಸಿ ಜೋಡಿಸಿದರೆ ಇವರು ಚಿತ್ರವನ್ನು ಗೋಡೆಗೆ ತಿರುಗಿಸಿ ಡೇಟನ್ನು ಹೊರಗೆ ಮಾಡುತ್ತಿದ್ದರು. ಹೊರಗಿನಿಂದ ನೋಡಿದರೆ ಬಾಟಲಿಗಳೆಲ್ಲ ನಮ್ಮ ಮೇಲೆ ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತಂತೆ ಕಾಣುತ್ತಿತ್ತು. ಕಂಪನಿಯ ಕಡೆಯವರು ಬಂದು, ನಮ್ಮ ಲೇಬಲ್ಲೇ ಕಾಣಲ್ವಲ್ಲ ಸಾರ್ ಎಂದು ಗೋಗರೆಯುತ್ತಿದ್ದರು. "ಬಾಟ್ಲಿ ಮುಖ ನೋಡಿ ಏನಾಗ್ಬೇಕು? ಹುಟ್ಟಿದ್ ತಿಂಗ್ಳು ನೋಡ್ಲಿ" ಎಂದು ಇವರು ಕಳಿಸುತ್ತಿದ್ದರು.

ಬಾಗಿಲ ಪಕ್ಕ ಒಂದು ಸ್ಲೇಟು ತೂಗುಹಾಕಿ, ಲೋಡು ಬಂದಾಗಲೆಲ್ಲ ಬಿಯರು ಯಾವ ತಿಂಗಳಿನದು ಎಂದು ಬಳಪದಲ್ಲಿ ಬರೆಯುವರು. ಕೌಂಟರಿನ ಮೇಲೆ ಆಳೆತ್ತರಕ್ಕೆ ಒಂದು ಟ್ಯೂಬ್ ಲೈಟು. ಬಾಟಲಿಯನ್ನು ಅದಕ್ಕೆ ಅಡ್ಡ ಹಿಡಿದು, ಮೆಲ್ಲಗೆ ಬುಡ ಮೇಲೆ ಮಾಡಿ, ಒಳಗೆ ಏನಾದರೂ ತೇಲುತ್ತಿದೆಯೇ ಎಂದು ಗಿರಾಕಿಗೇ ತೋರಿಸುವರು. ಸಂಜೆ ಬಿಸಿಲು ನೇರ ಒಳಗೆ ನುಗ್ಗುತ್ತಿದ್ದರಿಂದ ಮುಂದೆ ಗೋಣಿಯ ಪರದೆ. ಬಿಸಿಲು ತಾಗಿದ ಬಿಯರಿಗೆ ಡೇಟು ಎಷ್ಟೇ ಹೊಸದಿದ್ದರೂ ವಾಸನೆ ಬರುತ್ತದೆ. ಆ ಪರದೆಯನ್ನು ನೋಡಿ ನಮ್ಮಪ್ಪ ಮಾತ್ರ, ಅಳಿಯನಿಗೆ ಸದ್ಯ ನಾಚಿಕೆಯಾದರೂ ಇದೆ ಎಂದು ಸಂತೋಷಪಟ್ಟರು.

ಅವಧಿ ಮೀರಿದ ಮಾಲಿಗೆ ಅಂಗಡಿಯವರೆಲ್ಲ "ಡೇಟ್ ಬಾರ್" ಎನ್ನುತ್ತಾರೆ. ಇವರು ಹೊಸ ಗಿರಾಕಿ ಬಂದಾಗಲೆಲ್ಲ, "ಹಲಸೂರಲ್ಲಿ ಬೇಕಾದಷ್ಟು ಬಾರ್ ಇದಾವೆ ಸಾರ್, ಡೇಟ್ ಬಾರ್ ಮಾತ್ರ ನಮ್ಮಲ್ಲಿಲ್ಲ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ತಮಿಳರಿಗೆ ತಮಿಳಿನಲ್ಲಿ, ಸಾಬರಿಗೆ ದಖನಿಯಲ್ಲಿ ಇದೇ ಜೋಕು. ನನಗೆ ಕೇಳಿ ಕೇಳಿ ಮೈ ಉರಿಯುತ್ತಿತ್ತು. ಇವತ್ತು ಅದನ್ನು ಇನ್ನೊಂದು ಸಲ ಹೇಳಿದರೆ ಬಿದ್ದು ಬಿದ್ದು ನಗುತ್ತೇನೆ.

ಆದರೆ "ತಾಜಾ ಇದೆ" ಎಂದು ಬಾಯಲ್ಲಿ ಹೇಳುತ್ತಿರಲಿಲ್ಲ. ಬಾಯಿ ಏನು ಬೇಕಾದರೂ ಹೇಳುತ್ತದೆ, ಗಿರಾಕಿ ಕಣ್ಣಲ್ಲಿ ನೋಡಿಕೊಳ್ಳಲಿ ಎಂಬುದು ಅವರ ವಾದ. ಕಣ್ಣಿಗೂ ಗೊತ್ತಾಗದ್ದನ್ನು ನನ್ನ ಹತ್ತಿರ ತರುತ್ತಿದ್ದರು. ಗಿರಾಕಿ ರುಚಿ ಸರಿಯಿಲ್ಲ ಎಂದು ವಾಪಸ್ ತಂದ ಬಾಟಲಿಯನ್ನು ಅಡುಗೆಮನೆಗೆ ಹಿಡಿದುಕೊಂಡು ಬಂದು, ಬಲಗೈಯಲ್ಲಿ ಬಾಟಲಿ ನನ್ನ ಮೂಗಿನ ಕೆಳಗೆ ಹಿಡಿದು, ಎಡಗೈಯಿಂದ ನನ್ನ ಮುಂದಲೆಯ ಕೂದಲನ್ನು ಹಿಂದಕ್ಕೆ ಸರಿಸಿ, "ಮೂಸು" ಎನ್ನುವರು. ಒಂದು ತೊಟ್ಟು ಕುಡಿದವಳಲ್ಲ ನಾನು. ಆದರೆ ನನ್ನ ಮೂಗು ಕೆಟ್ಟದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ಬಿಸಿಲು ತಾಗಿದ್ದು ಸುಟ್ಟ ರಬ್ಬರಿನ ಹಾಗೆ, ಹಳತಾದದ್ದು ಮಳೆಯಲ್ಲಿ ನೆಂದ ರಟ್ಟಿನ ಹಾಗೆ. ಹೊಸದು ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿದಂತೆ ಘಮ್ಮೆನ್ನುತ್ತದೆ. ನಾನು ಹೇಳಿದ್ದೇ ತೀರ್ಮಾನ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಇದೇನು ಕರ್ಮ ಎಂದು ಬೈದುಕೊಂಡೇ ಮೂಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ದಂಪತಿಗಳು ಕೂತು ಮಾತಾಡಿಕೊಳ್ಳುವ ವಿಷಯಗಳೂ ನಮ್ಮಲ್ಲಿ ಕಡಿಮೆಯೇ ಇದ್ದವು. ಯೋಚಿಸಿದರೆ, ಅವರು ನನಗೆ ಅತಿ ಹತ್ತಿರ ಬಂದು ನಿಲ್ಲುತ್ತಿದ್ದದ್ದು ಆ ಬಾಟಲಿ ಹಿಡಿದುಕೊಂಡೇ.

ಹೀಗೆ ಮೂವತ್ತು ವರ್ಷದ ಹತ್ತಿರ ಹತ್ತಿರ ನಡೆಯಿತು. ಕಾಲ ಬದಲಾಯಿತು. ಇಂದಿರಾನಗರದ ಕಡೆಯಿಂದ ಬರುವ ಹುಡುಗ ಹುಡುಗಿಯರು ಫೋನಿನ ಟಾರ್ಚು ಹಾಕಿ ತಾವೇ ಡೇಟು ಓದುತ್ತಾರೆ, ಫೋನಿನಲ್ಲೇ ದುಡ್ಡು ಕಳಿಸುತ್ತಾರೆ, ಅಂಗಡಿಯವನ ಮುಖವನ್ನೂ ನೋಡದೆ ಹೋಗುತ್ತಾರೆ. ಅಂಗಡಿಗೆ ಫ್ರಿಜ್ಜು ಬಂತು, ಗೋಣಿಯ ಪರದೆ ಹೋಗಿ ಕಪ್ಪು ಗಾಜು ಬಂತು. ಸ್ಲೇಟು, ಟ್ಯೂಬ್ ಲೈಟು, ಬೆನ್ನು ತಿರುಗಿಸಿದ ಬಾಟಲಿ ಮಾತ್ರ ಹಾಗೆಯೇ ಉಳಿದವು. ಬೋಣಿ ಬಾಟಲಿಯೂ ಲಕ್ಷ್ಮಿಯ ಪಕ್ಕದಲ್ಲಿ ಹಾಗೆಯೇ ಇತ್ತು. ಪ್ರತಿ ಆಯುಧಪೂಜೆಗೆ ಅದನ್ನು ಒರೆಸಿ ಹೊಸ ಕುಂಕುಮ ಇಡುತ್ತಿದ್ದರು, ಡೇಟಿನ ಮೇಲೆ ಮಾತ್ರ ಕುಂಕುಮ ಬೀಳದ ಹಾಗೆ.

ಅವರಿಗೇನೋ ಆಗಿದೆ ಎಂದು ಮೊದಲು ನಮಗೆ ತಿಳಿದದ್ದು ಒಂದು ಲೋಡಿನ ದಿನ. ಅಂಗಡಿಯಲ್ಲಿ ಬಹಳ ಕಾಲದಿಂದ ಕೆಲಸಕ್ಕಿದ್ದವರು ಕಲಬುರಗಿ ಕಡೆಯವರು, ನಡುವಯಸ್ಸಿನ ಮನುಷ್ಯ, ಸುಮ್ಮಸುಮ್ಮನೆ ಗಾಬರಿಯಾಗುವವರಲ್ಲ. ಅವರು ಓಡಿಕೊಂಡು ಮನೆಗೆ ಬಂದರು.

"ಅಕ್ಕಾರ, ಲಗೂನ ಬರ್ರಿ. ಯಜಮಾನ್ರು ಲೋಡ್ ಇಳಸ್ಕೊಳ್ಳವಲ್ರು. ಏನೇನೋ ಮಾತಾಡಕತ್ತಾರ."

ಹೋಗಿ ನೋಡಿದರೆ ಗಾಡಿ ರಸ್ತೆಗೆ ಅಡ್ಡ ನಿಂತಿದೆ, ಹಿಂದೆ ಹಾರ್ನು. ಇವರು ಒಂದು ಬಾಟಲಿಯನ್ನು ಎತ್ತಿ ಹಿಡಿದು ಗಾಡಿಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ. ವಿಮಾನಪುರದಿಂದ ಬರುವ ನಮ್ಮ ಹಳೇ ಗಿರಾಕಿ, ಫ್ಯಾಕ್ಟರಿಯಿಂದ ನಿವೃತ್ತರಾದ ತಮಿಳರು, ಸಮಾಧಾನ ಮಾಡಲು ನೋಡುತ್ತಿದ್ದರು.

"ಸಾರ್, ನಾನೇ ನೋಡ್ದೆ ಸಾರ್. ಡೇಟ್ ಕರೆಕ್ಟಾಗಿದೆ. ಈ ತಿಂಗ್ಳದ್ದೇ."

"ಯಾವ್ ತಿಂಗ್ಳು? ವರ್ಷ ನೋಡಿ ಸಾರ್, ವರ್ಷ!" ಎಂದು ಇವರು ಕೂಗಿದರು. "ಇನ್ನೂ ಬಂದೇ ಇಲ್ಲ ಆ ವರ್ಷ. ಈ ಬಿಯರ್ ಇನ್ನೂ ತಯಾರೇ ಆಗಿಲ್ಲ! ತಯಾರಾಗ್ದೇ ಇರೋದನ್ನ ಹೆಂಗೆ ಮಾರ್ಲಿ ನಾನು?"

ಯಾರೋ ನಕ್ಕರು. ಜೋಕು ಹೊಡೆಯುತ್ತಿದ್ದಾರೆ ಎಂದುಕೊಂಡಿರಬೇಕು, ಇವರ ಹಣೆಬರಹ. ನಾನು ಸ್ಲೇಟಿನ ಕಡೆ ನೋಡಿದೆ. ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ, ಅಂಗಡಿ ತೆಗೆದ ವರ್ಷ ಬರೆದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, "ಇದು ಯಾವ ವರ್ಷ ಹೇಳಿ ಸರ್" ಎಂದು ಕೇಳಿದರು. ಇವರು ಸ್ವಲ್ಪವೂ ತಡವರಿಸಲಿಲ್ಲ. "ಒಂದು ಬಿಯರ್ ಬಾಟ್ಲಿ ಕೊಡಿ ಮೇಡಂ, ನೋಡಿ ಹೇಳ್ತೀನಿ" ಎಂದರು. ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ. ವಾಪಸ್ ಬರುವಾಗ ಆಟೋದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವರು ಆಚೆ ನೋಡುತ್ತ, ದಾರಿಯ ಮೇಲಿನ ಮೆಟ್ರೋ ಕಂಬಗಳನ್ನು ಕಂಡು, ಇದು ಯಾವ ಊರು ಎಂದು ಆಟೋದವನನ್ನು ಕೇಳುತ್ತಿದ್ದರು.

ಈ ಕಾಯಿಲೆಯಲ್ಲಿ ಹತ್ತಿರದ ನೆನಪು ಮೊದಲು ಹೋಗುತ್ತದೆ, ದೂರದ್ದು ಉಳಿಯುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಅಂಗಡಿಯಲ್ಲಿ ನಾವು ಹಳೆಯದನ್ನು ಮುಂದೆ ಜೋಡಿಸಿ ಮೊದಲು ಖಾಲಿ ಮಾಡುತ್ತೇವೆ, ಹೊಸದನ್ನು ಹಿಂದಕ್ಕಿಡುತ್ತೇವೆ. ಅವರ ತಲೆಯೊಳಗೆ ಯಾರೋ ತಿರುವುಮುರುವು ಮಾಡಿಬಿಟ್ಟಿದ್ದರು. ಹೊಸ ಲೋಡೆಲ್ಲ ಬಂದ ಬಂದ ಹಾಗೇ ಖಾಲಿ.

ಅವರನ್ನು ಕೌಂಟರಿನಲ್ಲಿ ಕೂರಿಸುವ ಹಾಗಿರಲಿಲ್ಲ. ಬಂದವರಿಗೆಲ್ಲ "ಬೇಡ ಸಾರ್, ಡೇಟ್ ಸುಳ್ಳು" ಎಂದು ಕಳಿಸಿಬಿಡುತ್ತಿದ್ದರು. ಹಾಗಾಗಿ ಅವರು ಮನೆಯಲ್ಲಿ ಉಳಿದರು, ಕಲಬುರಗಿಯವರ ಜೊತೆ ನಾನು ಅಂಗಡಿಗೆ ಹೋದೆ. ಹೆಂಗಸು ಬ್ರಾಂದಿ ಅಂಗಡಿಯಲ್ಲಿ ಕೂತರೆ ಜನ ಏನಂದಾರು ಎಂದು ನಮ್ಮ ನಾದಿನಿ ಮೂಗು ಮುರಿದಳು. ಜನ ಬಂದು ನನ್ನ ಗಂಡನಿಗೆ ಸ್ನಾನ ಮಾಡಿಸುವುದಾದರೆ ಮನೆಯಲ್ಲೇ ಇರುತ್ತೇನೆ ಎಂದೆ. ಆಮೇಲೆ ಅವಳು ಆ ಮಾತು ತೆಗೆಯಲಿಲ್ಲ, ನಾನಿಲ್ಲದ ಹೊತ್ತು ಇವರ ಹತ್ತಿರ ಬಂದು ಕೂರತೊಡಗಿದಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗಡಿ, ಸಂಜೆ ಮನೆ, ಹೀಗೆ ಹೊಂದಿಸಿಕೊಂಡೆ.

ಅವರು ನನ್ನನ್ನು "ಅಮ್ಮಾ" ಎಂದು ಕರೆಯಲು ಶುರು ಮಾಡಿದ್ದು ಆಗಲೇ. ಗಿರಾಕಿಯನ್ನು ಕರೆಯುವ "ಅಮ್ಮಾ" ಅದು, ಮರ್ಯಾದೆಯ ದನಿ. ಆ ಮರ್ಯಾದೆಯನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಸಾಕು, ಕುರ್ಚಿಯಿಂದ ಎದ್ದು ಚಪ್ಪಲಿ ಹುಡುಕುವರು.

"ನಾನು ಹೊರಡ್ತೀನಮ್ಮಾ. ಮನೇಲಿ ನಮ್ಮವಳು ಕಾಯ್ತಾ ಇರ್ತಾಳೆ."

ಮೊದಮೊದಲು, ನಾನೇ ರೀ ಅದು, ಎಂದು ಕೈ ಹಿಡಿದು ಹೇಳುತ್ತಿದ್ದೆ. ಅವರು ಹೆದರಿ ಕೈ ಬಿಡಿಸಿಕೊಳ್ಳುತ್ತಿದ್ದರು. ಪರ ಹೆಂಗಸು ಕೈ ಹಿಡಿದರೆ ಮರ್ಯಾದಸ್ಥ ಗಂಡಸು ಇನ್ನೇನು ಮಾಡುತ್ತಾನೆ? ಆಮೇಲಾಮೇಲೆ ವರಸೆ ಬದಲಿಸಿದೆ. "ಕೂತ್ಕೊಳಿ, ಹೋಗೋರಂತೆ. ನಿಮ್ಮನೆಯವರು ಹೇಗೆ, ಒಳ್ಳೆಯವರಾ?" ಎಂದು ಕೇಳುತ್ತಿದ್ದೆ. ಅವರ ಮುಖ ಅರಳುತ್ತಿತ್ತು.

"ಬಾಯಿ ಸ್ವಲ್ಪ ಜಾಸ್ತಿ ಕಣಮ್ಮಾ. ಮೂಗು ಮಾತ್ರ ಬಂಗಾರ. ಅವಳು ಮೂಸಿ ಹೇಳಿದ್ರೆ ಮುಗೀತು, ಡೇಟೂ ಬೇಡ, ಲೈಟೂ ಬೇಡ."

ಮೂವತ್ತು ವರ್ಷದಲ್ಲಿ ನನ್ನೆದುರು ಒಂದು ದಿನವೂ ಹೊಗಳದ ಮನುಷ್ಯ! ಕೇಳಿ ಸಂತೋಷವಾಗುತ್ತಿತ್ತು, ಮರುಗಳಿಗೆ ಹೊಟ್ಟೆ ಉರಿಯುತ್ತಿತ್ತು. ಅವರು ಕಾಯುತ್ತಿದ್ದ ಆ ಹೊಸ ಮದುವಣಗಿತ್ತಿಯ ಮೇಲೆ ನನಗೆ ನಿಜವಾಗಿಯೂ ಮತ್ಸರ ಹುಟ್ಟಿತು. ನನಗೆ ನಾನೇ ಸವತಿಯಾಗಿದ್ದೆ.

ಕೈಗೆ ಕೆಲಸ ಕೊಟ್ಟರೆ ಸಂಜೆಯ ಚಡಪಡಿಕೆ ಕಡಿಮೆಯಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಒಂದು ದಿನ ಖಾಲಿ ಬಾಟಲಿಗಳ ಒಂದು ಕ್ರೇಟು ಮನೆಗೆ ತರಿಸಿದೆ. ಗೋಡೆಯ ಗೂಡಿನಲ್ಲಿ ಜೋಡಿಸಲಿ ಎಂದು. ಅವರು ಖುಷಿಯಿಂದಲೇ ಕೂತರು. ಒಂದನ್ನು ಎತ್ತಿ ಬೆನ್ನು ತಿರುಗಿಸಿ ಡೇಟು ಓದಿದರು. ಇನ್ನೊಂದು ಓದಿದರು. ಮೂರನೆಯದನ್ನು ಓದಿ ಕ್ರೇಟಿಗೆ ವಾಪಸ್ ತುರುಕಿದರು.

"ಎಲ್ಲಾ ಸುಳ್ಳು ಡೇಟು! ಯಾರೋ ನನ್ ಅಂಗಡಿಗೆ ಸುಳ್ಳು ಮಾಲು ತುಂಬಿದಾರೆ ಅಮ್ಮಾ. ನಾನೀಗ ಗಿರಾಕಿಗಳಿಗೆ ಏನ್ ತೋರಿಸ್ಲಿ?"

ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಕ್ರೇಟನ್ನು ಹಿತ್ತಲಿಗೆ ದೂಡಿದ ಮೇಲೂ ಅಳು ನಿಲ್ಲಲಿಲ್ಲ. ಅಂದಿನಿಂದ ಸಂಜೆಯಾದರೆ ಅದೇ ಮಾತು, ಅದೇ ಭಯ. ಸುತ್ತಲಿನ ಲೋಕವೆಲ್ಲ ಸುಳ್ಳು ಡೇಟು ಹಚ್ಚಿಕೊಂಡು ನಿಂತಿದೆ, ಅವರೊಬ್ಬರೇ ನಿಜ ಹೇಳುತ್ತಿದ್ದಾರೆ, ನಂಬುವವರಿಲ್ಲ.

ಆಗ ನನಗೆ ಬೋಣಿ ಬಾಟಲಿ ನೆನಪಾಯಿತು. ಲೋಕದಲ್ಲಿ ಅವರ ವರ್ಷದ ಡೇಟು ಇದ್ದ ಬಾಟಲಿ ಅದೊಂದೇ. ದೇವರ ಪಕ್ಕದ್ದನ್ನು ತೆಗೆಯಬಾರದು ಎಂದು ಕಲಬುರಗಿಯವರು ಹಿಂದೆ ಮುಂದೆ ನೋಡಿದರು. "ಬ್ಯಾಡ್ರಿ ಅಕ್ಕಾರ, ಅಂಗಡಿ ಲಕ್ಷ್ಮಿ ಅದು." ಲಕ್ಷ್ಮಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಸ್ಟೂಲು ಹತ್ತಿ ನಾನೇ ಇಳಿಸಿದೆ. ಅವರಿಗೆ ಸಮಾಧಾನವಾಗಲಿ ಎಂದು ತಂದೆ, ಅದು ನಿಜ. ಅದರ ಜೊತೆಗೆ ಇನ್ನೊಂದು ಆಸೆಯೂ ಇತ್ತು, ಮುಚ್ಚಿಡುವುದೇಕೆ? ಆ ಡೇಟಿನ ವರ್ಷದಲ್ಲಿ ನಾನೂ ಇದ್ದೆನಲ್ಲ. ಅವರ ವರ್ಷವನ್ನು ಅವರ ಕೈಗೆ ಕೊಟ್ಟರೆ, ಕೊಟ್ಟವಳು ಯಾರು ಎಂದು ಒಂದು ಸಲ ತಲೆ ಎತ್ತಿ ನೋಡಿಯಾರು ಎಂದುಕೊಂಡಿದ್ದೆ.

ಸಂಜೆ ದೀಪ ಹಚ್ಚಿ, ಬಾಟಲಿಯನ್ನು ಒರೆಸಿ ಅವರ ಮುಂದಿಟ್ಟೆ. ಅಭ್ಯಾಸದ ಕೈ ಬೆನ್ನು ತಿರುಗಿಸಿತು. ಡೇಟು ಓದಿದರು. ಕಣ್ಣು ತುಂಬಿ ಬಂತು.

"ಸಿಕ್ತು ನೋಡಮ್ಮಾ. ಸರಿಯಾದ್ ಮಾಲು. ಈ ತಿಂಗ್ಳದ್ದೇ."

ಬಾಟಲಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತರು. ಅಷ್ಟು ದಿನಗಳಲ್ಲಿ ಅವರ ಹೆಗಲು ಸಡಿಲವಾದದ್ದನ್ನು ಆಗಲೇ ಕಂಡೆ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಡೇಟು ಓದಿ ಬಿಡುವ ಮನುಷ್ಯರಲ್ಲ ಅವರು. ಎದ್ದು ಹೋಗಿ ನಡುಮನೆಯ ಟ್ಯೂಬ್ ಲೈಟಿಗೆ ಬಾಟಲಿಯನ್ನು ಅಡ್ಡ ಹಿಡಿದು, ಮೆಲ್ಲಗೆ ಬುಡ ಮೇಲೆ ಮಾಡಿದರು. ಒಳಗೆ ರಾಗಿ ಹೊಟ್ಟಿನ ಹಾಗೆ ಕಂದು ಚೂರುಗಳು ಎದ್ದು ತಿರುಗಿದವು. ಅವರ ಹುಬ್ಬು ಗಂಟಿಕ್ಕಿತು. ಕಿಟಕಿಯ ಸರಳಿಗೆ ಮುಚ್ಚಳ ಆನಿಸಿ ಒಂದೇಟಿಗೆ ತೆಗೆದರು. ಆ ಕೈಚಳಕ ಹಾಗೆಯೇ ಇತ್ತು. ಚುಸ್ ಎನ್ನಲಿಲ್ಲ, ನೊರೆ ಏಳಲಿಲ್ಲ.

ಆಮೇಲೆ ಅವರು ನೇರ ನನ್ನ ಹತ್ತಿರ ಬಂದರು. ಬಲಗೈಯಲ್ಲಿ ಬಾಟಲಿ ನನ್ನ ಮೂಗಿನ ಕೆಳಗೆ ಹಿಡಿದರು. ಎಡಗೈಯಿಂದ ನನ್ನ ಮುಂದಲೆಯ ಕೂದಲನ್ನು ಹಿಂದಕ್ಕೆ ಸರಿಸಿದರು.

"ಮೂಸು" ಎಂದರು.

ಗೋಡೆಗೆ ಒರಗಿಕೊಂಡೆ. ಮೂಸಿದೆ. ನೆಂದು ಕೊಳೆತ ರಟ್ಟು, ಅದರಾಚೆ ಏನೂ ಇಲ್ಲ. ಚೆನ್ನಾಗಿದೆ ಎಂದಿದ್ದರೆ ಆ ಸಂಜೆ ನೆಮ್ಮದಿಯಾಗಿ ಕಳೆಯುತ್ತಿತ್ತು. ಆದರೆ ಅವರು ಬಾಟಲಿ ಹಿಡಿದಾಗ ನಾನು ಯಾವತ್ತೂ ಇದ್ದದ್ದನ್ನೇ ಹೇಳಿದವಳು. ಅವರು ನನ್ನ ಹತ್ತಿರ ಬರುತ್ತಿದ್ದದ್ದೇ ಆ ಕಾರಣಕ್ಕೆ.

"ಹಳೇದಾಗಿದೆ ರೀ" ಎಂದೆ. "ತುಂಬಾ ಹಳೇದಾಗಿದೆ."

ಅವರು ಡೇಟು ನೋಡಿದರು. ನನ್ನ ಮುಖ ನೋಡಿದರು, ತಾವೇ ಹಿಂದಕ್ಕೆ ಸರಿಸಿದ್ದ ಬಿಳಿ ಕೂದಲನ್ನು ನೋಡಿದರು. ಮತ್ತೆ ಡೇಟು ನೋಡಿದರು.

"ಡೇಟು ಈ ತಿಂಗ್ಳದ್ದೇ ಇದೆ" ಎಂದರು. ದನಿ ಸಣ್ಣಗಾಗಿತ್ತು. "ಇಷ್ಟು ಬೇಗ ಹೆಂಗೆ ಹಳೇದಾಗೋಯ್ತು, ಇವಳೇ?"

ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಸುರಿದೆ, ಎರಡು ಚೊಂಬು ನೀರು ಹೊಯ್ದೆ, ಮುಖ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಅವರು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

"ನಾನು ಹೊರಡ್ತೀನಮ್ಮಾ" ಎಂದರು. "ಮನೇಲಿ ನಮ್ಮವಳು ಕಾಯ್ತಾ ಇರ್ತಾಳೆ."